ಹತ್ತು ನಿಮಿಷದ ಕೆಲಸ

ಗಂಡ ಹೆಂಡತಿ ತಮ್ಮ ಸಾಕು ಫೆರೆಟ್ ಜೋಡಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರ ಮುಂದೆ ಕೂತಿದ್ದರು. ಮುಂಗುಸಿಯಂಥ ಆ ಪುಟ್ಟ ಪ್ರಾಣಿಗಳಿಗೆ ಬೆದೆಯ ಕಾಲ ಹತ್ತಿರ ಬಂದಿತ್ತು.

“ಹೆಣ್ಣು ಬೆದೆಗೆ ಬಂದಾಗ ಗಂಡು ಸೇರದಿದ್ರೆ ಅದರ ಜೀವಕ್ಕೇ ಅಪಾಯ. ಸೇರಿದ್ರೆ ಮನೆ ತುಂಬ ಮರಿ,” ಎಂದರು ಡಾಕ್ಟರು. “ಎರಡರಲ್ಲಿ ಒಂದಕ್ಕೆ ಆಪರೇಷನ್ ಮಾಡೋಣ. ಹೆಣ್ಣಿಗಾದ್ರೆ ಹೊಟ್ಟೆ ಕೊಯ್ಯಬೇಕು. ಗಂಡಿಗೆ ನಾಳ ಕತ್ತರಿಸಿದ್ರೆ ಸಾಕು, ಹತ್ತು ನಿಮಿಷದ ಕೆಲಸ.”

“ಆಮೇಲೆ ಗಂಡಿನ ಖದರು ಕಮ್ಮಿ ಆಗಲ್ವಾ?” ಗಂಡ ಆತಂಕದಿಂದ ಕೇಳಿದ.

“ಏನೂ ಆಗಲ್ಲ. ಎಂದಿನ ಹಾಗೇ ಸಂಸಾರ ಮಾಡ್ಕೊಂಡಿರುತ್ತೆ. ಮರಿ ಆಗಲ್ಲ, ಅಷ್ಟೇ.”

“ಹಂಗಾದ್ರೆ ಗಂಡಿಗೇ ಮಾಡಿಬಿಡಿ ಡಾಕ್ಟ್ರೇ,” ಎಂದ ಗಂಡ. “ಇಷ್ಟು ಸುಲಭ ಇರೋವಾಗ ಪಾಪ, ಹೆಣ್ಣಿಗ್ಯಾಕೆ ಹೊಟ್ಟೆ ಕೊಯ್ಯೋದು?”

ಹೆಂಡತಿ ಕೂಡಲೇ ಫೋನ್ ತೆಗೆದು ಆಸ್ಪತ್ರೆಗೆ ಕರೆ ಮಾಡಿದಳು.

“ಸಿಸ್ಟರ್, ಸೋಮವಾರ ನನಗೆ ಸಂತಾನಹರಣ ಆಪರೇಷನ್ ಅಂತ ಬರ್ಕೊಂಡಿದ್ರಲ್ಲ? ನನ್ನ ಹೆಸರು ಹೊಡೆದು ನಮ್ಮ ಯಜಮಾನ್ರ ಹೆಸರು ಬರ್ಕೊಳ್ಳಿ. ಇಲ್ಲ ಸಿಸ್ಟರ್, ನಾನೇನೂ ಬಲವಂತ ಮಾಡಿಲ್ಲ, ಈಗಷ್ಟೇ ಅವರ ಬಾಯಿಂದ್ಲೇ ಬಂತು.”