ಬಲಗಡೆಯ ಹಿಂದಿನ ಬೋಲ್ಟು

ತಾನೇ ಮರೆತಿರಬಹುದೇ? ಇಲ್ಲ. ಬಲಗಡೆಯ ಹಿಂದಿನ ಬೋಲ್ಟನ್ನು ನಿನ್ನೆ ಸಂಜೆ ಬಿಚ್ಚಿದ್ದು ಕೈಗೆ ಚೆನ್ನಾಗಿ ನೆನಪಿತ್ತು. ನಟ್ಟನ್ನು ತಗಡಿನ ಡಬ್ಬಿಗೆ ಹಾಕಿದ್ದೂ ನೆನಪಿತ್ತು. ಈಗ ಎರಡೂ ಮತ್ತೆ ತಮ್ಮ ಜಾಗದಲ್ಲಿದ್ದವು, ಬಿಗಿಯಾಗಿ, ಹೊಸ ಗ್ರೀಸ್ ಸವರಿಕೊಂಡು. ಕಾರಿನಡಿ ಅಂಗಾತ ಮಲಗಿದ್ದ ತಮ್ಮ ಬಹಳ ಹೊತ್ತು ಅದನ್ನೇ ನೋಡಿದ.

ಹೋದ ಸಲವೂ ಹೀಗೇ ಆಗಿತ್ತು. ಹಳೆಯ ಕಾರಿನ ಮೈಯನ್ನು ಅದರಡಿಯ ಉಕ್ಕಿನ ಚೌಕಟ್ಟಾದ ಚಾಸಿಯಿಂದ ಬಿಡಿಸಿ ಎತ್ತುವಾಗ ಒಂದು ಬೋಲ್ಟು ಉಳಿದರೂ ಸಾಕು, ಇಡೀ ಮೈ ತಿರುಚಿಕೊಳ್ಳುತ್ತದೆ. ಆಗ ಬಾಗಿಲಿನ ಕಂಬ ಸೊಟ್ಟಗಾಗಿತ್ತು. ಅದನ್ನು ನೇರ ಮಾಡುವುದರಲ್ಲೇ ಒಂದು ಬೇಸಿಗೆ ಕಳೆಯಿತು. ತನ್ನ ತಲೆಯೇ ಸರಿಯಿಲ್ಲ ಎಂದುಕೊಂಡು ಸುಮ್ಮನಾಗಿದ್ದ.

ಇದೇ ಕಾರಿನಡಿ ಜಾಕ್ ಜಾರಿ ಅಣ್ಣನ ಸೊಂಟ ಮುರಿದಿತ್ತು. ಅಂದಿನಿಂದ ಗಾಲಿಕುರ್ಚಿ. ‘ಕಾಲು ಬಂದರೂ ಬರಬಹುದು’ ಎಂದಿದ್ದರು ಡಾಕ್ಟರು. ತಲೆ ಅಣ್ಣನದು, ಕೈ ತಮ್ಮನದು ಎಂಬಂತೆ ಶೆಡ್ಡಿನ ಕೆಲಸ ಸಾಗುತ್ತಿತ್ತು.

“ಈ ಕಾರು ರಸ್ತೆಗಿಳಿದ ದಿನ ನೀನು ನಿನ್ನ ದಾರಿ ನೋಡ್ಕೋ,” ಎಂದಿದ್ದ ಅಣ್ಣ. ಬೇರೆ ಊರಿನಲ್ಲಿ ಒಬ್ಬಳು ತಮ್ಮನಿಗಾಗಿ ಕಾಯುತ್ತಿದ್ದಳು. “ನಿಮ್ಮ ಕಾರು ಏಳೋದ್ರೊಳಗೆ ನನ್ನ ತಲೆ ನೆರೆಯುತ್ತೆ,” ಎಂದು ಮೊದಮೊದಲು ನಗುತ್ತಿದ್ದಳು. ಈಗ ನಗುವುದನ್ನು ಬಿಟ್ಟಿದ್ದಳು. ಇನ್ನೊಂದು ಬೇಸಿಗೆ ಕಳೆದರೆ ಕಾಯುವುದನ್ನೂ ಬಿಡುತ್ತಾಳೆ.

ಅತ್ತಿಗೆ ಚಹಾ ತಂದಳು. ಬಗ್ಗಿ ನೋಡಿದವಳೇ, ಅವನು ಕೇಳುವ ಮೊದಲು ಸರಿಯಾದ ಸ್ಪ್ಯಾನರನ್ನೇ ಕೈಗೆ ಕೊಟ್ಟಳು.

“ಪರವಾಗಿಲ್ವೇ ಅತ್ತಿಗೆ.”

“ಮೆಕ್ಯಾನಿಕ್ಕಿನ ಹೆಂಡ್ತಿ ಕಣಪ್ಪ. ಇಷ್ಟೂ ಗೊತ್ತಿಲ್ದಿದ್ರೆ ಹೇಗೆ? ಅದಿರ್ಲಿ, ಕಾರೇನೋ ಎತ್ತುತ್ತೀಯ. ನೀನು ಹೋದ್ಮೇಲೆ ಇವರನ್ನ ಎತ್ತೋರು ಯಾರು?”

“ಕ್ರೇನ್ ತರಿಸು,” ಎಂದ ಅಣ್ಣ ಕುರ್ಚಿಯಿಂದ. ಮೂವರೂ ನಕ್ಕರು.

ಕೈ ತೊಳೆಯಲು ಹೋದಾಗ ಮನೆಯ ಹಿಂಬಾಗಿಲಲ್ಲಿ ಅಣ್ಣನ ಚಪ್ಪಲಿ ಕಣ್ಣಿಗೆ ಬಿದ್ದವು. ಸೊಂಟ ಮುರಿದ ದಿನದಿಂದ ಅಲ್ಲೇ ಇದ್ದವು. ಎಸೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಏನೋ ಅನ್ನಿಸಿ ಎತ್ತಿ ತಿರುಗಿಸಿದ. ಅಡಿಯಲ್ಲಿ ಹಸಿ ಗ್ರೀಸು. ಗ್ರೀಸಿಗೆ ಅಂಟಿದ ಕಬ್ಬಿಣದ ಪುಡಿ.

ಹಾಗಾದರೆ ಅಣ್ಣನಿಗೆ ಕಾಲು ಬಂದಿದೆ. ಬಂದು ಎಷ್ಟು ದಿನವಾಯಿತೋ. ತಾನು ಬೆನ್ನು ತಿಕ್ಕಿ, ಪ್ಯಾಂಟು ತೊಡಿಸಿ, ಮಗುವಿನಂತೆ ಎದೆಗವಚಿಕೊಂಡು ಹಾಸಿಗೆಗೆ ಹೊತ್ತು ಹಾಕುತ್ತಿದ್ದದ್ದು ನಡೆಯಬಲ್ಲ ಗಂಡಸನ್ನು.

ಅವನು ಶೆಡ್ಡಿಗೆ ಮರಳಿದ. ಬೋಲ್ಟುಗಳನ್ನೆಲ್ಲ ಬಿಚ್ಚಿ ಈ ಸಲ ಜೇಬಿಗೇ ಹಾಕಿಕೊಂಡ. ತೊಲೆಗೆ ಬಿಗಿದ ರಾಟೆಯ ಹಿಡಿ ತಿರುಗಿಸಿದ. ಉಕ್ಕಿನ ಹಗ್ಗ ಸೆಟೆದು, ಕಾರಿನ ಮೈ ಒಮ್ಮೆ ನರಳಿ, ಚಾಸಿಯನ್ನು ಬಿಟ್ಟು ಮೇಲೆದ್ದಿತು. ಚಾಸಿಯನ್ನು ಅಂಗಳಕ್ಕೆ ತಳ್ಳಿದ. ಅಣ್ಣ ತೂಗುವ ಮೈಯಡಿಗೆ ಕುರ್ಚಿ ಉರುಳಿಸಿಕೊಂಡು ಬಂದ, ಬ್ರೇಕು ಹಾಕಿದ, ಸಣ್ಣ ಸುತ್ತಿಗೆಯಿಂದ ತಳದ ತಗಡನ್ನು ತಟ್ಟತೊಡಗಿದ. ತುಕ್ಕು ಎಲ್ಲಿದೆ ಎಂಬುದನ್ನು ಅವನು ಕಿವಿಯಿಂದಲೇ ಹೇಳಬಲ್ಲ.

“ಬೋಲ್ಟು ಬಿಗೀತಿದ್ದಿದ್ದು ಯಾರು ಅಂತ ನಿಂಗೊತ್ತಾ ಅಣ್ಣ?”

ಸುತ್ತಿಗೆ ನಿಂತಿತು.

“ಗೊತ್ತು,” ಎಂದ ಅಣ್ಣ. “ಬಿಟ್ಬಿಡು. ನೀನು ಈ ಮನೆ ಬಿಟ್ಟು ಹೋಗ್ಬಾರ್ದು ಅನ್ನೋ ಜೀವ ಅದು. ಕೆಟ್ಟದ್ದಲ್ಲ. ಹೆದರಿದೆ, ಅಷ್ಟೇ.”

“ಹಾಗಾದ್ರೆ ಎದ್ದೇಳು.”

ಅಣ್ಣ ನಕ್ಕುಬಿಟ್ಟ. “ಏಳೋ ಹಾಗಿದ್ರೆ ನಿನ್ನನ್ನ ಯಾವತ್ತೋ ಕಳಿಸ್ತಿದ್ದೆ ಕಣೋ.”

ಆ ನಗು ಸಾಕಾಯಿತು. ತಮ್ಮ ರಾಟೆಯ ಹಲ್ಲಿನಿಂದ ತಡೆಯ ಕೊಕ್ಕೆಯನ್ನು ಸರಿಸಿ, ಹಿಡಿಯನ್ನು ಮೆಲ್ಲನೆ ಸಡಿಲಿಸಿದ. ಒಂದು ಗೇಣು ಇಳಿದರೆ ಸಾಕು, ಅಣ್ಣ ಎದ್ದು ಓಡುತ್ತಾನೆ. ಇಳಿಯಿತು. ಅಣ್ಣ ತಲೆಯೆತ್ತಿ ಮೇಲೆ ನೋಡಿದ, ಆಮೇಲೆ ತಮ್ಮನನ್ನು ನೋಡಿದ. ಇನ್ನೊಂದು ಗೇಣು. ಸುತ್ತಿಗೆ ಜಾರಿ ಬಿತ್ತು. ಅಣ್ಣನ ಕೈ ಕುರ್ಚಿಯ ಬ್ರೇಕಿಗೆ ತಡಕಾಡಿತು.

“ನಾಟಕ ಸಾಕು,” ಎಂದು ತಮ್ಮ ಹಿಡಿಯನ್ನು ಬಿಟ್ಟ.

ಕಾಲುಗಳು ಏಳಲಿಲ್ಲ.

ಕಾರಿನ ಮೈ ಕುರ್ಚಿಯ ಮೇಲೆ ಬಿದ್ದ ಸದ್ದಿಗೆ ಅತ್ತಿಗೆ ಹಿಂಬಾಗಿಲಿನಿಂದ ಓಡಿ ಬಂದಳು. ಬಾಗಿಲಲ್ಲಿದ್ದ ಅಣ್ಣನ ಚಪ್ಪಲಿಯನ್ನೇ ಮೆಟ್ಟಿ ಬಂದಿದ್ದಳು. ಅವಳ ಪಾದಕ್ಕೆ ಅವು ಬಹಳ ದೊಡ್ಡವು. ಆದರೂ ಶೆಡ್ಡಿನ ಕಬ್ಬಿಣದ ರಾಶಿಯ ನಡುವೆ ಒಮ್ಮೆಯೂ ಎಡವಲಿಲ್ಲ. ಆ ಚಪ್ಪಲಿಯಲ್ಲಿ, ಆ ದಾರಿಯಲ್ಲಿ ನಡೆದು ಅಭ್ಯಾಸವಾದ ಹೆಜ್ಜೆ.

ಬೋಲ್ಟು ಬಿಗಿದದ್ದು ತನ್ನ ಹೆಂಡತಿಯ ಕೆಲಸ ಎಂದು ಅಣ್ಣ ಕೊನೆಯವರೆಗೂ ಹೇಳಲಿಲ್ಲ.