ರಾಜಕುಮಾರನ ಕಿವಿ

ಒಂದು ನಿಮಿಷ ಇರಿ, ಇದನ್ನು ಕೇಳಿಬಿಟ್ಟು ಹೋಗಿ. ಪುರಾತನ ಪರ್ಷಿಯಾದಲ್ಲಿ ಒಬ್ಬ ರಾಜ ಸತ್ತು ಮೂರು ದಿನವಾಗಿತ್ತು. ಇಬ್ಬರು ರಾಣಿಯರ ಇಬ್ಬರು ಗಂಡುಮಕ್ಕಳಿಗೂ ಸಿಂಹಾಸನ ಬೇಕಿತ್ತು. ಅಂಗ ಊನವಾದವನು ರಾಜನಾಗುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ.

ಕಿರಿಯನ ಕೋಣೆಗೆ ಚಿಕ್ಕಪ್ಪ ಬಂದ.

“ನಿಮ್ಮಣ್ಣ ನಿನ್ನನ್ನ ಕೊಲ್ಲಿಸ್ತಾನೆ ಕಣೋ. ಸೈನ್ಯವೆಲ್ಲ ಅವನ ಕಡೆ ಇದೆ.”

“ಹಾಗಾದ್ರೆ ಓಡಿಹೋಗ್ಲಾ?”

“ಎಲ್ಲಿಗೆ ಓಡ್ತೀಯ? ಒಂದು ಕಿವಿ ಕತ್ತರಿಸ್ಕೊ. ರಾಜ ಆಗೋಕೇ ಆಗದವನನ್ನ ಕೊಂದು ಅವನಿಗೇನು ಲಾಭ?”

“ಯಾವ ಕಿವಿ?”

“ನನ್ನ ಮಾತು ಸರಿಯಾಗಿ ಕೇಳಿಸ್ತಿರೋದನ್ನ ಇಟ್ಕೊ, ಇನ್ನೊಂದನ್ನ ಕೊಡು.”

ಕಿರಿಯ ನಗಲಿಲ್ಲ. ಕ್ಷೌರಿಕ ಕತ್ತಿ ಎಳೆದಾಗ ಅಳಲೂ ಇಲ್ಲ. ಕಿವಿ ಹೋದ ಕಡೆ ಜೋಮು ಹಿಡಿದಂತಿತ್ತು, ಅಷ್ಟೆ.

ಪಟ್ಟಾಭಿಷೇಕದ ಬೆಳಿಗ್ಗೆ ಅವನು ತಲೆಗೆ ಬಟ್ಟೆ ಸುತ್ತಿಕೊಂಡು, ಅಣ್ಣನಿಗೆ ಅಡ್ಡಬೀಳಲು ಹೊರಟ. ಸಭೆಯ ಬಾಗಿಲಲ್ಲೇ ಅಣ್ಣ ಎದುರಾದ. ಅವನ ತಲೆಗೂ ಬಟ್ಟೆ ಸುತ್ತಿತ್ತು. ಎಡಗಡೆ ರಕ್ತ ಒಸರಿತ್ತು.

“ನೀನು ನನಗೆ ವಿಷ ಹಾಕಿಸ್ತೀಯ ಅಂತ ಚಿಕ್ಕಪ್ಪ ಹೇಳಿದ್ರು” ಎಂದ ಅಣ್ಣ. “ಕಿವಿ ಕೊಟ್ರೆ ಬದುಕ್ಕೊಳ್ತೀಯ ಅಂದ್ರು.”

“ನನಗೂ ಹಾಗೇ ಅಂದ್ರು.”

ಇಬ್ಬರೂ ಒಳಗೆ ನೋಡಿದರು. ಸಿಂಹಾಸನದ ಮೇಲೆ ಚಿಕ್ಕಪ್ಪ ಕೂತಿದ್ದ. ಎರಡೂ ಕಿವಿಗೆ ಚಿನ್ನದ ಕುಂಡಲ ಹಾಕಿಕೊಂಡಿದ್ದ.

“ಬನ್ನಿ ಮಕ್ಕಳೇ, ಅಡ್ಡಬೀಳಿ” ಎಂದ. “ನಿಜ ಹೇಳಿ, ನನ್ನ ಜಾಗದಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ?”