ನಾಲ್ಕನೇ ಶೀಶೆ

"ಬೆಳಕು ಬಿಟ್ಟಿದ್ದು ನೀನೇ ತಾನೆ?" ಹಿಲ್ಯಾ ತನ್ನ ಸಹಾಯಕ ರೈಮೊನ ಮುಖಕ್ಕೇ ಕೇಳಿದಳು.

ಅವಳು ತಯಾರಿಸಿದ ಬೆಳ್ಳಿಯ ಸಂಯುಕ್ತ ಬೆಳಕು ಬಿದ್ದರೆ ಕೆಟ್ಟು ವಿಷವಾಗುತ್ತಿತ್ತು. ಉತ್ತರ ಧ್ರುವದ ಕಡೆಗಿರುವ ಔಲು ನಗರದಲ್ಲಿ ಜೂನ್ ರಾತ್ರಿಗಳೂ ಕತ್ತಲಾಗುವುದಿಲ್ಲ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಆರು ವರ್ಷ ದುಡಿದಿದ್ದಳು. ಆ ಔಷಧಿ ರಕ್ತದ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬೇಕು, ಆರೋಗ್ಯವಂತರ ಕೋಶಗಳನ್ನು ಮುಟ್ಟಬಾರದು. ಹೋಲಿಸಿ ನೋಡಲು ಪ್ರಯೋಗಾಲಯದ ಒಂಬತ್ತೂ ಜನ ರಕ್ತ ಕೊಟ್ಟಿದ್ದರು. ಶೀಶೆಗಳ ಮೇಲೆ ಬರೀ ಅಂಕಿ. ಯಾವುದು ಯಾರದೆಂದು ನರ್ಸ್ ಬರೆದ ಪಟ್ಟಿ ಮೊಹರು ಮಾಡಿದ ಲಕೋಟೆಯಲ್ಲಿತ್ತು. ಅದನ್ನು ಒಡೆಯಲು ಹಿಲ್ಯಾಳ ಸಹಿ ಬೇಕು.

ಎಂಟು ಶೀಶೆಗಳಲ್ಲಿ ಕೋಶಗಳು ಬದುಕಿದ್ದವು. ನಾಲ್ಕನೆಯದರಲ್ಲಿ ಮಾತ್ರ ಸತ್ತಿದ್ದವು. ಮೂರು ಸಲ ಮಾಡಿದರೂ ಅಷ್ಟೇ.

ರೈಮೊ ಸೂಕ್ಷ್ಮದರ್ಶಕವನ್ನು ಅವಳತ್ತ ತಿರುಗಿಸಿದ. "ಔಷಧಿ ಹಾಕದೆ ಎತ್ತಿಟ್ಟಿದ್ದ ನಾಲ್ಕನೇ ರಕ್ತ ಇದು. ನೋಡು ತಾಯಿ, ಕ್ಯಾನ್ಸರ್ ಕೋಶಗಳು. ಬೆಳಕೂ ಅಲ್ಲ, ಗಿಳಕೂ ಅಲ್ಲ. ನಿನ್ನ ಔಷಧಿ ಸರಿಯಾಗೇ ಇದೆ. ಕಾಯಿಲೆ ಇರೋದು ಈ ರಕ್ತ ಕೊಟ್ಟವರಿಗೆ. ಲಕೋಟೆ ಒಡಿ."

ಹಿಲ್ಯಾಳಿಗೆ ಮೊದಲು ಆದದ್ದು ಸಂತೋಷ, ನಾಚಿಕೆಗೆಟ್ಟ ಸಂತೋಷ. ಭಯವಾದದ್ದು ಆಮೇಲೆ. ಲಕೋಟೆ ಒಡೆದರೆ ಸಂಶೋಧನೆಯ ನೈತಿಕತೆ ನೋಡುವ ಸಮಿತಿಗೆ ವರದಿ ಹೋಗಬೇಕು. ಕೆಲಸ ನಿಲ್ಲುತ್ತದೆ. ಸ್ವೀಡನ್ನಿನ ಎದುರಾಳಿಗಳು ಮೊದಲು ಪ್ರಕಟಿಸಿಬಿಡುತ್ತಾರೆ.

"ರಜೆ ಮುಗೀಲಿ. ಆಗಸ್ಟಲ್ಲಿ ಹೇಳೋಣ."

"ಎರಡು ತಿಂಗಳಾ? ನಮ್ಮ ಜೊತೇಲಿ ದಿನಾ ಕಾಫಿ ಕುಡಿಯೋರು ಕಣೇ!"

"ಅಷ್ಟರಲ್ಲಿ ಯಾರೂ ಸತ್ತುಹೋಗಲ್ಲ. ಸುಮ್ನಿರು."

ಪಿಂಚಣಿಗೆ ಒಂದೇ ವರ್ಷ ಉಳಿದಿದ್ದ ರೈಮೊ ಲಕೋಟೆಯನ್ನು ಮತ್ತೆ ಕಪಾಟಿನೊಳಗಿಟ್ಟ.

ಜುಲೈನಲ್ಲಿ ಇಡೀ ದೇಶವೇ ಬೀಗ ಜಡಿದು ಸರೋವರದ ದಂಡೆಗೆ ಹೋಯಿತು. ಹಿಲ್ಯಾ ಅಲ್ಲಿ ಕೂತು ಲೇಖನ ಮುಗಿಸಿದಳು. ಮೆಟ್ಟಿಲು ಹತ್ತಿದರೆ ಏದುಸಿರು. ಆರು ವರ್ಷದ ದಣಿವಲ್ಲವೇ ಎಂದುಕೊಂಡಳು. ಸೌನಾದ ಹಬೆಕೋಣೆಯಲ್ಲಿ ಕೂತಾಗ ತೊಡೆಯ ಮೇಲೆ ನೀಲಿ ಕಲೆಗಳು ಕಂಡವು. ದೋಣಿಯ ಅಂಚು ತಗುಲಿರಬೇಕು.

ಆಗಸ್ಟಿನಲ್ಲಿ ಲೇಖನ ಪ್ರಕಟಣೆಗೆ ಒಪ್ಪಿಗೆಯಾಯಿತು. ಕೇಕ್ ಕತ್ತರಿಸುವಾಗ ಹಿಲ್ಯಾ ಒಬ್ಬೊಬ್ಬರ ಮುಖವನ್ನೂ ಕಳ್ಳಗಣ್ಣಿನಿಂದ ನೋಡಿದಳು. ಬಿಸಿಲು ಕಾಯಿಸಿಕೊಂಡು ಬಂದಿದ್ದ ಎಂಟೂ ಮಂದಿ ಗುಂಡುಕಲ್ಲಿನ ಹಾಗಿದ್ದರು. ಇವರಲ್ಲಿ ಯಾರಪ್ಪಾ ಪಾಪ, ಎಂದುಕೊಂಡು ತುಂಡು ಬಾಯಿಗಿಟ್ಟಳು. ಕೆನೆಗೆ ಒಸಡಿನ ರಕ್ತ ಮೆತ್ತಿಕೊಂಡಿತು.

ಒಳಕೋಣೆಗೆ ಹೋಗಿ ಸಹಿ ಹಾಕಿದಳು. ರೈಮೊ ಲಕೋಟೆ ಒಡೆದು ಪಟ್ಟಿ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಅವಳಿಗೆ ಕುರ್ಚಿ ಎಳೆದುಕೊಟ್ಟ.

"ಮೊದಲು ಕೂತ್ಕೋ, ಹಿಲ್ಯಾ. ನಾಲ್ಕನೆಯದು ನಿಂದು."